ತಿಂಡಿ ಅಡಗಿಸಿದ ಆಟಿಕೆಯಿಂದ ನಾಯಿಯ ಬುದ್ಧಿಯನ್ನು ಅಳೆಯಬಹುದೇ?

ಪ್ರಶ್ನೆ: ಒಳಗೆ ತಿಂಡಿ ಇಟ್ಟ ಆಟಿಕೆಯನ್ನು ತೆರೆಯಲಾರದೆ ಮನೆಯವರ ಮುಖ ನೋಡುವ ನಾಯಿ ದಡ್ಡನೇ?

ಉತ್ತರ: ಮುಚ್ಚಳ ಸರಿಸಿದರೆ ಮಾತ್ರ ತಿಂಡಿ ದೊರೆಯುವ ಇಂತಹ ಆಟಿಕೆಗಳು ನಾಯಿಯ ಸಮಸ್ಯಾಪರಿಹಾರ ಸಾಮರ್ಥ್ಯವನ್ನು, ಎಂದರೆ ಎದುರಾದ ತೊಡಕನ್ನು ಸ್ವಪ್ರಯತ್ನದಿಂದ ನಿವಾರಿಸುವ ಶಕ್ತಿಯನ್ನು, ಒಂದು ಮಟ್ಟಿಗೆ ತೋರಿಸುತ್ತವೆಯಾದರೂ, ಫಲಿತಾಂಶದಲ್ಲಿ ಹಸಿವು, ಹಿಂದಿನ ಅಭ್ಯಾಸ ಮತ್ತು ಹಟ ಬೆರೆತಿರುವುದರಿಂದ ಅದನ್ನೇ ಬುದ್ಧಿಯ ಅಳತೆಗೋಲೆನ್ನುವುದು ನಾಯಿಗೆ ಮಾಡುವ ಅನ್ಯಾಯ.

ಅಮೆರಿಕದ ಆರೆಗನ್ ರಾಜ್ಯ ವಿಶ್ವವಿದ್ಯಾಲಯದ ಮೋನಿಕ್ ಯುಡೆಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗ್ಗ ಎಳೆದರೆ ಮುಚ್ಚಳ ಕಳಚುವ ಡಬ್ಬಿಯಲ್ಲಿ ಸಾಸೇಜ್ ಇಟ್ಟು 2 ನಿಮಿಷ ಕಾಲಾವಕಾಶ ಕೊಟ್ಟಾಗ, ಮನುಷ್ಯರ ಒಡನಾಟದಲ್ಲಿ ಬೆಳೆದ 10 ತೋಳಗಳಲ್ಲಿ 8 ಅದನ್ನು ತೆರೆದರೆ, ನಾಯಿಗಳಲ್ಲಿ ಬಹುಪಾಲು ವಿಫಲವಾದವು. ಆದರೆ ಮನುಷ್ಯರು ಹುರಿದುಂಬಿಸಿದಾಗ ಅವುಗಳ ಪ್ರಯತ್ನ ಹೆಚ್ಚಿತು. ಇದಕ್ಕೂ ಮೊದಲು, 2003ರಲ್ಲಿ, ಹಂಗೇರಿಯ ಆಡಮ್ ಮಿಕ್ಲೋಶಿ ಮತ್ತು ಸಹೋದ್ಯೋಗಿಗಳು, ಕಲಿತ ಉಪಾಯದಿಂದ ಆಹಾರ ಸಿಗದಂತೆ ತಡೆದಾಗ ನಾಯಿಗಳು ತೋಳಗಳಿಗಿಂತ ಬೇಗನೆ ಮತ್ತು ಹೆಚ್ಚು ಹೊತ್ತು ಮನುಷ್ಯನತ್ತ ನೋಡುವುದನ್ನು ದಾಖಲಿಸಿದ್ದರು. ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಬಾಳಿದ ಪ್ರಾಣಿಗೆ ನೆರವು ಬೇಡುವುದೂ ಒಂದು ಉಪಾಯವೇ ಆಗಿದ್ದು, ಆ ನೋಟವನ್ನು ಸೋಲೆಂದು ಬರೆದಿಡುವುದು ಆತುರದ ತೀರ್ಮಾನವಾಗುತ್ತದೆ.

ಮನೆಯಲ್ಲಿ ಪರೀಕ್ಷಿಸುವವರು ಮೊದಲು ಮುಚ್ಚಳವನ್ನು ಅರೆ ತೆರೆದಿಟ್ಟು, ಬೆರಳು ತೋರದೆ ದೂರ ನಿಂತು, ಮೊದಲ ಸಲ ಹಿಡಿದ ಸಮಯಕ್ಕಿಂತ ಮೂರನೆಯ, ನಾಲ್ಕನೆಯ ಸಲ ಸಮಯ ಎಷ್ಟು ತಗ್ಗಿತು ಎಂಬುದನ್ನು ಗಮನಿಸಿದರೆ, ನಾಯಿಯ ಕಲಿಕೆ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.