ಏರಿನಲ್ಲಿ ಜಾರುವ ಕ್ಲಚ್ಚು

ಹಳೆಯ ಬೈಕಿನ ಕ್ಲಚ್ ಜಾರಿದರೆ ಪ್ಲೇಟು ಬದಲಿಸುವುದೊಂದೇ ದಾರಿಯೆ? ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ.

ಗುಂಡ್ಯ ದಾಟಿದರೆ ಶಿರಾಡಿ ಘಾಟಿಯ ಏರು ಶುರು. ಒಂದು ಪಕ್ಕ ಕಾಡು, ಇನ್ನೊಂದು ಪಕ್ಕ ಕಣಿವೆ. ಮುಂದೆ ಮಂಗಳೂರು ಕಡೆಯಿಂದ ಸರಕು ಹೊತ್ತು ತೆವಳುವ ಲಾರಿ, ಹಿಂದೆ ಬಸ್ಸಿನ ಹಾರನ್ನು. ಲಾರಿಯನ್ನು ಹಿಂದೆ ಹಾಕೋಣವೆಂದು ಹಳೆಯ ಬೈಕಿನ ಸವಾರ ಎಕ್ಸಿಲರೇಟರ್ ತಿರುವುತ್ತಾನೆ. ಎಂಜಿನ್ ಜೋರಾಗಿ ಅರಚುತ್ತದೆ. ಬೈಕು ಮಾತ್ರ ಇದ್ದ ವೇಗದಲ್ಲೇ ಇರುತ್ತದೆ. ಲಾರಿಯ ಪಕ್ಕದಲ್ಲಿ, ತಿರುವಿನ ಬಾಯಿಯಲ್ಲಿ, ಹೀಗಾದರೆ ಗತಿಯೇನು?

ಇದೇ ಬೈಕು ಹಾಸನದಿಂದ ಆಲೂರಿನವರೆಗೆ ಯಾವ ತಕರಾರೂ ಇಲ್ಲದೆ ಓಡಿರುತ್ತದೆ. ಕ್ಲಚ್ಚಿನ ದೋಷ ಸಮತಟ್ಟಿನಲ್ಲಿ ಅಡಗಿದ್ದು ಏರಿನಲ್ಲಿ ಹೊರಬೀಳುತ್ತದೆ. ಸಕಲೇಶಪುರದ ಸುತ್ತಿನ ತೋಟದ ರಸ್ತೆಗಳಲ್ಲಿ, ಹಿಂದೆ ಒಬ್ಬರನ್ನೋ ಕಾಫಿ ಮೂಟೆಯನ್ನೋ ಹೇರಿಕೊಂಡು ಹತ್ತುವಾಗ, ಅದು ಇನ್ನೂ ಬೇಗ ಗೊತ್ತಾಗುತ್ತದೆ. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: “ಪ್ಲೇಟು ಹೋಗಿದೆ, ಹೊಸ ಸೆಟ್ ಹಾಕಿಸಿಬಿಡಿ.” ಕಾಲೇಜಿಗೆ ಹೋಗುವ ಮಗನಿಗೆಂದು ಸೆಕೆಂಡ್ ಹ್ಯಾಂಡ್ ಬೈಕು ಕೊಡಿಸಿದ ತಂದೆ ದುಡ್ಡು ಎಣಿಸಿ ಕೊಡುತ್ತಾರೆ. ವಾರ ಕಳೆಯುವುದರೊಳಗೆ ಕ್ಲಚ್ಚು ಮತ್ತೆ ಜಾರಿದರೆ ತಪ್ಪು ಯಾರದು? ಬಹಳ ಸಲ ತಪ್ಪು ಕಾರಣ ಹುಡುಕದೆ ರಿಪೇರಿಗೆ ಇಳಿದದ್ದರದು.

ಬಿಗಿ ಹಿಡಿಯುವುದೇ ಅದರ ಕೆಲಸ

ಕ್ಲಚ್ಚಿನೊಳಗೆ ಎರಡು ಬಗೆಯ ತಟ್ಟೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಘರ್ಷಣೆಯ ವಸ್ತು ಅಂಟಿಸಿದ ತಟ್ಟೆಗಳು ಎಂಜಿನ್ ಜೊತೆ ತಿರುಗುತ್ತವೆ. ಉಕ್ಕಿನ ತಟ್ಟೆಗಳು ಗೇರ್ ಬಾಕ್ಸಿನ ಜೊತೆ ತಿರುಗುತ್ತವೆ. ಸ್ಪ್ರಿಂಗುಗಳು ಇವನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಎರಡೂ ಒಂದಾಗಿ ತಿರುಗಿ, ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಸವಾರ ಎಡಗೈಯ ಹಿಡಿ ಎಳೆದಾಗ ಸ್ಪ್ರಿಂಗಿನ ಒತ್ತಡ ತಪ್ಪಿ ತಟ್ಟೆಗಳು ಬೇರೆಯಾಗುತ್ತವೆ. ಅಂದರೆ ಹಿಡಿದಿರುವುದು ಕ್ಲಚ್ಚಿನ ಸಹಜ ಸ್ಥಿತಿ, ಬಿಡುವುದು ನಾವು ಒತ್ತಾಯದಿಂದ ಮಾಡಿಸುವ ಕೆಲಸ.

ಕ್ಲಚ್ಚು ಎಷ್ಟು ಬಲವನ್ನು ಜಾರದೆ ದಾಟಿಸಬಲ್ಲದು ಎಂಬುದು ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ತಟ್ಟೆಗಳ ಘರ್ಷಣೆ, ಸ್ಪ್ರಿಂಗಿನ ಒತ್ತಡ, ತಟ್ಟೆಯ ಅಗಲ ಮತ್ತು ಒಂದಕ್ಕೊಂದು ತಾಗುವ ಮೈಗಳ ಸಂಖ್ಯೆ. ಐದು ಘರ್ಷಣೆ ತಟ್ಟೆಗಳಿದ್ದರೆ ತಾಗುವ ಮೈಗಳು ಹತ್ತು. ತಟ್ಟೆಯ ಅಗಲವೂ ಮೈಗಳ ಸಂಖ್ಯೆಯೂ ತಾನಾಗಿ ಬದಲಾಗುವುದಿಲ್ಲ. ಆದ್ದರಿಂದ ಜಾರುವಿಕೆಗೆ ಉಳಿಯುವ ಕಾರಣ ಎರಡೇ: ಘರ್ಷಣೆ ಕಡಿಮೆಯಾಗಿದೆ, ಇಲ್ಲವೇ ಒತ್ತಡ ಕಡಿಮೆಯಾಗಿದೆ. ಒತ್ತಡ ಕಡಿಮೆಯಾಗುವುದಕ್ಕೆ ಸ್ಪ್ರಿಂಗು ಸೋತಿರಬಹುದು. ಅಥವಾ ಸ್ಪ್ರಿಂಗು ಚೆನ್ನಾಗಿಯೇ ಇದ್ದು, ಅದನ್ನು ಪೂರ್ತಿ ಒತ್ತಲು ಬೇರೆ ಏನೋ ಬಿಡದಿರಬಹುದು. ಹೆಚ್ಚಿನವರ ಗಮನ ತಪ್ಪುವುದು ಈ ಕೊನೆಯ ಕಾರಣದ ಮೇಲೆ.

ಮೈಸೂರಿನ ಗಾಡಿ ಕಲಿಸುವ ಪಾಠ

ಕನ್ನಡನಾಡಿನ ರಸ್ತೆಗಳಿಗೆ ಚಿರಪರಿಚಿತವಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಉತ್ಪಾದನೆ ಆರಂಭವಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದ ಮೇಲೂ ಆ ಗಾಡಿಗಳು ಓಡುತ್ತಲೇ ಇದ್ದವು. ಅವುಗಳ ಗೇರ್ ಲಿವರನ್ನು ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು, ಕೈಯ ಹಿಡಿ ಎಳೆಯಲೇಬೇಕೆಂದಿರಲಿಲ್ಲ ಎಂಬುದನ್ನು ಹಿರಿಯ ಸವಾರರು ಇಂದಿಗೂ ನೆನೆಯುತ್ತಾರೆ.

ಇವುಗಳದ್ದು ಕೇಬಲ್ ಕ್ಲಚ್ಚು. ಹಿಡಿಯನ್ನು ಎಳೆಯಲು ತೊಡಗಿದಾಗ ಮೊದಲ ಎರಡು-ಮೂರು ಮಿಲಿಮೀಟರ್ ಏನೂ ಆಗಬಾರದು. ಈ ಸಡಿಲಕ್ಕೆ ಗ್ಯಾರೇಜಿನಲ್ಲಿ ‘ಪ್ಲೇ’ ಎನ್ನುತ್ತಾರೆ. ತಟ್ಟೆಗಳು ಸವೆದಂತೆ ಈ ಪ್ಲೇ ಕಡಿಮೆಯಾಗುತ್ತ ಬರುತ್ತದೆ. ಪೂರ್ತಿ ಇಲ್ಲವಾದರೆ, ಸವಾರ ಹಿಡಿಯನ್ನು ಮುಟ್ಟದಿದ್ದರೂ ಕೇಬಲ್ಲು ಕ್ಲಚ್ಚನ್ನು ಸ್ವಲ್ಪ ಎಳೆದೇ ಇರುತ್ತದೆ. ಆಗ ಸ್ಪ್ರಿಂಗಿನ ಪೂರ್ತಿ ಒತ್ತಡ ತಟ್ಟೆಗಳಿಗೆ ಸಿಗುವುದಿಲ್ಲ, ಕ್ಲಚ್ಚು ಜಾರುತ್ತದೆ. ಮದ್ದು ಸುಲಭ: ಅಡ್ಜಸ್ಟರ್ ತಿರುವಿ ಪ್ಲೇ ಕೊಡುವುದು. ಖರ್ಚು ಏನೂ ಇಲ್ಲ.

ಕೇಬಲ್ ಬದಲು ಎಣ್ಣೆ

ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಕೇಬಲ್ ಬದಲು ಎಣ್ಣೆ ತುಂಬಿದ ಪೈಪು ಇರುತ್ತದೆ. 1984ರ ಹೋಂಡಾ ಗೋಲ್ಡ್ ವಿಂಗ್, 1985ರ ಯಮಾಹಾ ವಿ-ಮ್ಯಾಕ್ಸ್‌ನಂಥ ದೊಡ್ಡ ಬೈಕುಗಳಲ್ಲಿ ಇದು ಬಂತು. ಹ್ಯಾಂಡಲಿನ ಮೇಲೆ ಮಾಸ್ಟರ್ ಸಿಲಿಂಡರು, ಎಂಜಿನ್ ಪಕ್ಕದಲ್ಲಿ ಸ್ಲೇವ್ ಸಿಲಿಂಡರು. ಕೆಲಸ ಮಾಡುವುದು ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಬರುವ ಪ್ಯಾಸ್ಕಲ್ ನಿಯಮ. ಉದಾಹರಣೆಗೆ, ಮೇಲಿನ ಪಿಸ್ಟನ್ನಿನ ವ್ಯಾಸ 14 ಮಿ.ಮೀ., ಕೆಳಗಿನದು 35 ಮಿ.ಮೀ. ಎಂದುಕೊಳ್ಳಿ. ವ್ಯಾಸದ ಅನುಪಾತ 2.5, ವಿಸ್ತೀರ್ಣದ ಅನುಪಾತ ಅದರ ವರ್ಗ, ಅಂದರೆ 6.25. ಮೇಲೆ ಒತ್ತಿದ ಬಲ ಕೆಳಗೆ ಆರೂಕಾಲು ಪಟ್ಟು. ಆದರೆ ಪುಕ್ಕಟೆಯಾಗಿ ಏನೂ ಸಿಗದು: ಮೇಲಿನ ಪಿಸ್ಟನ್ 10 ಮಿ.ಮೀ. ಸರಿದರೆ ಕೆಳಗಿನದು ಸರಿಯುವುದು 1.6 ಮಿ.ಮೀ. ಮಾತ್ರ.

ಇಲ್ಲಿ ಕೇಬಲ್ಲಿನ ಪ್ಲೇ ಮಾಡುವ ಕೆಲಸವನ್ನು ಮಾಸ್ಟರ್ ಸಿಲಿಂಡರಿನೊಳಗಿನ ಒಂದು ಸೂಜಿಮೊನೆಯಷ್ಟು ತೂತು ಮಾಡುತ್ತದೆ. ಹಿಡಿ ಬಿಟ್ಟಾಗ ಪೈಪಿನ ಎಣ್ಣೆಗೂ ಮೇಲಿನ ಡಬ್ಬಿಗೂ ದಾರಿ ತೆರೆದಿಡುವುದು ಈ ತೂತು. ಎಂಜಿನ್ ಕಾದಾಗ ಪೈಪಿನ ಎಣ್ಣೆ ಹಿಗ್ಗುತ್ತದೆ; ಹಿಗ್ಗಿದ್ದು ತೂತಿನಿಂದ ಡಬ್ಬಿಗೆ ಏರುತ್ತದೆ. ತಟ್ಟೆಗಳು ಸವೆದಾಗಲೂ ಹಾಗೆಯೇ. ಬ್ರೇಕಿನಲ್ಲಿ ಪ್ಯಾಡ್ ಸವೆದರೆ ಡಬ್ಬಿಯ ಎಣ್ಣೆ ಇಳಿಯುತ್ತದೆ. ಕ್ಲಚ್ಚಿನಲ್ಲಿ ತಟ್ಟೆ ಸವೆದರೆ ಎಣ್ಣೆಯ ಮಟ್ಟ ಏರುತ್ತದೆ. ಈ ವ್ಯತ್ಯಾಸ ತಿಳಿಯದೆ ಡಬ್ಬಿಯನ್ನು ಕಂಠಪೂರ್ತಿ ತುಂಬಿಸುವುದು ತಪ್ಪು.

ಕಸದಿಂದ ಆ ತೂತು ಕಟ್ಟಿಕೊಂಡರೆ ಹಿಗ್ಗಿದ ಎಣ್ಣೆಗೆ ದಾರಿಯಿಲ್ಲ. ಅದು ಸ್ಲೇವ್ ಪಿಸ್ಟನ್ನನ್ನು ಒತ್ತುತ್ತದೆ, ಕ್ಲಚ್ಚು ಅರ್ಧ ಬಿಟ್ಟಂತಾಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಿದ್ದ ಬೈಕು ಅರ್ಧ ಗಂಟೆ ಓಡಿದ ಮೇಲೆ ಜಾರತೊಡಗಿದರೆ ಮೊದಲ ಅನುಮಾನ ಇದರ ಮೇಲೆಯೇ ಬರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷದಲ್ಲಿ ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಹಳೆಯ ಎಣ್ಣೆ ಕಪ್ಪಾಗಿ ತಳದಲ್ಲಿ ಕೆಸರು ಕಟ್ಟುವುದು ಅಪರೂಪವಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು.

ಇನ್ನೊಂದು ಅಪಾಯ, ಸಿಕ್ಕಿದ ಎಣ್ಣೆ ಸುರಿಯುವುದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 ಎಂದು ಬರೆದಿದ್ದರೆ ಅದನ್ನೇ ಹಾಕಬೇಕು. ಅದಕ್ಕೆ ಎಂಜಿನ್ ಆಯಿಲ್ ಬೆರೆತರೆ ಒಳಗಿನ ರಬ್ಬರ್ ಸೀಲು ಊದಿಕೊಂಡು ಆ ಸಣ್ಣ ತೂತನ್ನೇ ಮುಚ್ಚಿಬಿಡುತ್ತದೆ. ಕೆಲವು ಬೈಕುಗಳಿಗೆ ಮಿನರಲ್ ಆಯಿಲ್ ಬೇಕು. ಅವಕ್ಕೆ ಬ್ರೇಕ್ ಆಯಿಲ್ ಹಾಕಬಾರದು.

ಹುಡುಕುವ ಕ್ರಮ

ಮೊದಲು, ಕ್ಲಚ್ಚು ನಿಜವಾಗಿ ಜಾರುತ್ತಿದೆಯೇ ಎಂದು ನೋಡಬೇಕು. ಲೈಸೆನ್ಸ್ ಇರುವ ಅನುಭವಿ ಸವಾರರು, ಹೆಲ್ಮೆಟ್ ಧರಿಸಿ, ವಾಹನಗಳಿಲ್ಲದ ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತ ಎಕ್ಸಿಲರೇಟರ್ ತಿರುವಲಿ. ಎಂಜಿನ್ನಿನ ಸದ್ದು ಒಮ್ಮೆಗೇ ಏರಿ ವೇಗ ಏರದಿದ್ದರೆ ಜಾರುತ್ತಿದೆ ಎಂದರ್ಥ. ಸದ್ದೂ ಏರದೆ ವೇಗವೂ ಏರದಿದ್ದರೆ ದೋಷ ಎಂಜಿನ್ನಿನಲ್ಲಿದೆ, ಕ್ಲಚ್ಚಿನಲ್ಲಲ್ಲ.

ಎರಡನೆಯದು, ಇತ್ತೀಚೆಗೆ ಏನು ಬದಲಾಯಿಸಿದ್ದೀರಿ ಎಂಬ ಪ್ರಶ್ನೆ. ಎಂಜಿನ್ ಆಯಿಲ್ ಬದಲಿಸಿದ ಮೇಲೆ ಶುರುವಾಯಿತೆ? ಎಂಜಿನ್ನಿಗೂ ಕ್ಲಚ್ಚಿಗೂ ಒಂದೇ ಎಣ್ಣೆ ಇರುವ ಬೈಕುಗಳಿಗೆ ಡಬ್ಬದ ಮೇಲೆ ‘ಜಾಸೊ ಎಂ.ಎ.’ ಗುರುತಿರುವ ಎಣ್ಣೆ ಬೇಕು. ‘ಎಂ.ಬಿ.’ ಗುರುತಿನದು, ಅಥವಾ ಘರ್ಷಣೆ ಕಡಿಮೆ ಮಾಡುವ ಕಾರಿನ ಎಣ್ಣೆ, ಕ್ಲಚ್ಚನ್ನು ಜಾರಿಸಬಹುದು. ಹಿಡಿ ಬದಲಿಸಿದ ಮೇಲೆ ಶುರುವಾಯಿತೆ? ಹಿಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯ ಸಡಿಲವಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ ತೂತಿಗೆ ಅಡ್ಡ ನಿಲ್ಲುತ್ತದೆ.

ಮೂರನೆಯದು, ಡಬ್ಬಿಯ ಮುಚ್ಚಳ ತೆಗೆದು, ಮುಖವನ್ನು ದೂರವಿಟ್ಟು, ಹಿಡಿಯನ್ನು ಮೆಲ್ಲಗೆ ಒಂದಿಷ್ಟೇ ಎಳೆಯುವುದು. ತೂತು ತೆರೆದಿದ್ದರೆ ಎಣ್ಣೆಯಲ್ಲಿ ಚಿಕ್ಕ ಬುಗ್ಗೆ ಏಳುತ್ತದೆ. ಏಳದಿದ್ದರೆ ತೂತು ಕಟ್ಟಿರುವ ಸಂಭವ ಹೆಚ್ಚು.

ನಾಲ್ಕನೆಯದು ನಿರ್ಣಾಯಕ ಪರೀಕ್ಷೆ. ಇದನ್ನು ಮೆಕ್ಯಾನಿಕ್ಕರ ಜೊತೆಯಲ್ಲೇ ಮಾಡಬೇಕು. ಬೈಕು ಬಿಸಿಯಾಗಿ ಜಾರುತ್ತಿರುವಾಗಲೇ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಲೇವ್ ಸಿಲಿಂಡರಿನ ಬ್ಲೀಡ್ ಸ್ಕ್ರೂಗೆ ಸಣ್ಣ ಪೈಪು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಗಿಟ್ಟು, ಹಿಡಿ ಮುಟ್ಟದೆ ಸ್ಕ್ರೂ ಒಂದಿಷ್ಟು ಸಡಿಲಿಸಿ ಮತ್ತೆ ಬಿಗಿಮಾಡಬೇಕು. ಎಣ್ಣೆ ಚಿಮ್ಮಿ, ಆಮೇಲೆ ಕ್ಲಚ್ಚು ಸರಿಯಾಗಿ ಹಿಡಿದರೆ ದೋಷ ಎಣ್ಣೆಯ ದಾರಿಯಲ್ಲಿದೆ, ತಟ್ಟೆಗಳು ನಿರಪರಾಧಿಗಳು. ಮುಂದಿನ ಸಲ ಮೇಲಿನ ಮಾಸ್ಟರ್ ಸಿಲಿಂಡರಿನ ಬಳಿ ಪೈಪಿನ ಬೋಲ್ಟ್ ಸಡಿಲಿಸಿ ನೋಡಬೇಕು. ಅಲ್ಲೇ ಒತ್ತಡ ಇಳಿದರೆ ಕಟ್ಟಿರುವುದು ತೂತು. ಅಲ್ಲಿ ಇಳಿಯದೆ ಕೆಳಗೆ ಮಾತ್ರ ಇಳಿದರೆ, ಹಳೆಯ ಪೈಪು ಒಳಗೊಳಗೇ ಊದಿ ಮುಚ್ಚಿಕೊಂಡಿದೆ. ಬ್ರೇಕ್ ಆಯಿಲ್ ಬಣ್ಣವನ್ನು ಕಿತ್ತುಹಾಕುತ್ತದೆ. ಬಿದ್ದ ಕಡೆ ಕೂಡಲೇ ನೀರು ಹಾಕಿ ತೊಳೆಯಬೇಕು. ಕಣ್ಣಿಗೆ ಕನ್ನಡಕ ಇರಲಿ.

ಕ್ಲಚ್ಚಿಗೆ ಏನಾದರೂ ಮೊದಲು ‘ಏರ್ ತೆಗೆಸುವ’ ಅಭ್ಯಾಸ ಹಲವರಿಗಿದೆ. ಪೈಪಿನಲ್ಲಿ ಗಾಳಿ ಸೇರಿದರೆ ಅಥವಾ ಎಣ್ಣೆ ಸೋರಿದರೆ ಹಿಡಿ ಮೆತ್ತಗಾಗಿ, ಕ್ಲಚ್ಚು ಬಿಡಬೇಕಾದಾಗ ಬಿಡುವುದಿಲ್ಲ, ಗೇರು ಬೀಳುವುದಿಲ್ಲ. ಅದು ಜಾರುವುದಕ್ಕೆ ತೀರ ವಿರುದ್ಧವಾದ ಕಾಯಿಲೆ. ಎರಡಕ್ಕೂ ಒಂದೇ ಮದ್ದು ಕೊಡಲಾಗದು.

ಕೊನೆಗೆ ತಟ್ಟೆಗಳ ಸರದಿ

ಇಷ್ಟೆಲ್ಲ ನೋಡಿದ ಮೇಲೂ ಜಾರುತ್ತಿದ್ದರೆ ಕ್ಲಚ್ಚಿನ ಕವರ್ ಬಿಚ್ಚುವುದು ನ್ಯಾಯ. ಲ್ಯಾಬಿನಲ್ಲಿ ಅಂಕಗಳಿಗಾಗಿ ಹಿಡಿದ ವರ್ನಿಯರ್ ಕ್ಯಾಲಿಪರಿಗೆ ಇಲ್ಲಿ ನಿಜವಾದ ಕೆಲಸವಿದೆ. ಘರ್ಷಣೆ ತಟ್ಟೆಯ ದಪ್ಪ, ಸ್ಪ್ರಿಂಗಿನ ಉದ್ದ ಅಳೆದು ಆ ಬೈಕಿನ ಮ್ಯಾನುಯಲ್ ಹೇಳುವ ಮಿತಿಯೊಂದಿಗೆ ಹೋಲಿಸಬೇಕು. ಉಕ್ಕಿನ ತಟ್ಟೆಯನ್ನು ಸಮತಟ್ಟಾದ ದಪ್ಪ ಗಾಜಿನ ಮೇಲಿಟ್ಟರೆ ಸೊಟ್ಟಗಾಗಿದೆಯೇ ಎಂಬುದು ಕಾಣುತ್ತದೆ. ತಟ್ಟೆ ಸವೆದಿಲ್ಲ, ಸ್ಪ್ರಿಂಗು ಮಾತ್ರ ಕುಗ್ಗಿದೆ ಎಂದಾದರೆ ಸ್ಪ್ರಿಂಗು ಬದಲಿಸಿದರೆ ಸಾಕು. ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಹೊಸ ತಟ್ಟೆ ಹಾಕುವಾಗ ಅದನ್ನು ಅದೇ ಎಣ್ಣೆಯಲ್ಲಿ ನೆನೆಸಿಟ್ಟು ಹಾಕಬೇಕು.

ಮಕ್ಕಳ ಜೊತೆ ಗ್ಯಾರೇಜಿಗೆ ಹೋಗುವ ತಂದೆತಾಯಂದಿರು ಒಂದು ಚೀಟಿ ಬರೆದೊಯ್ದರೆ ಒಳ್ಳೆಯದು. ತಣ್ಣಗಿದ್ದಾಗ ಜಾರುತ್ತದೆಯೆ, ಕಾದ ಮೇಲೆಯೆ? ಎಷ್ಟು ದಿನದಿಂದ? ಅದಕ್ಕೆ ಮುಂಚೆ ಏನು ಬದಲಿಸಲಾಗಿತ್ತು? ಈ ಮೂರು ಉತ್ತರಗಳಿದ್ದರೆ ಅನುಭವಿ ಮೆಕ್ಯಾನಿಕ್ಕರ ಅರ್ಧ ಕೆಲಸ ಮುಗಿದಂತೆ. ಕೆಲವು ಸಲ ಸೆಟ್ ಪ್ಲೇಟಿನ ಬದಲು, ತೆಳುವಾದ ತಂತಿಯ ಎಳೆಯೊಂದರಿಂದ ತೂತು ಬಿಡಿಸಿ, ಹಳೆಯ ಎಣ್ಣೆ ತೆಗೆದು ಹೊಸದು ತುಂಬಿದರೆ ರಿಪೇರಿ ಮುಗಿಯುತ್ತದೆ.

ಘಾಟಿಯ ನಡುವೆಯೇ ಕ್ಲಚ್ಚು ಜಾರತೊಡಗಿದರೆ? ಎಕ್ಸಿಲರೇಟರ್ ಇನ್ನಷ್ಟು ತಿರುವಬಾರದು. ಬಿಸಿ ಏರಿ ತಟ್ಟೆ ಸುಟ್ಟುಹೋಗುತ್ತದೆ. ಲಾರಿ ದಾಟುವ ಯೋಚನೆ ಬಿಟ್ಟು, ಕೆಳಗಿನ ಗೇರಿಗೆ ಇಳಿಸಿ ನಿಧಾನವಾಗಿ ಹೋಗಿ, ರಸ್ತೆ ಅಗಲವಿರುವಲ್ಲಿ ನಿಲ್ಲಿಸಬೇಕು. ಕೆಳಗಿನ ಗೇರಿನಲ್ಲಿ ಅದೇ ಏರು ಹತ್ತಲು ಕ್ಲಚ್ಚಿನ ಮೇಲೆ ಬೀಳುವ ಭಾರ ಕಡಿಮೆ. ಕೇಬಲ್ ಬೈಕಾದರೆ ಅಡ್ಜಸ್ಟರ್ ಎರಡು ಸುತ್ತು ಒಳಕ್ಕೆ ತಿರುವಿ ಪ್ಲೇ ಕೊಟ್ಟು ನೋಡಬಹುದು. ಹೈಡ್ರಾಲಿಕ್ ಆದರೆ ಎಂಜಿನ್ ತಣಿಯುವವರೆಗೆ ಕಾಯಬೇಕು. ತಣಿದ ಮೇಲೆ ಕ್ಲಚ್ಚು ಮತ್ತೆ ಹಿಡಿದರೆ ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಸಕಲೇಶಪುರದ ಗ್ಯಾರೇಜಿನಲ್ಲಿ ಮೊದಲು ಹೇಳಬೇಕಾದ ಮಾತು ಅದೇ.