ಲಸಿಕೆಯ ಸರತಿಯಲ್ಲಿ ಹಿಂದೆ ನಿಂತ ದೇಶಗಳು

ಕೊರೋನಾ ವೈರಾಣು ಬಡವ–ಬಲ್ಲಿದನೆಂಬ ಭೇದವೆಣಿಸಲಿಲ್ಲ ಎಂಬ ಮಾತು ಆ ದಿನಗಳಲ್ಲಿ ಬಹಳ ಕೇಳಿಬಂದಿತ್ತು. ವೈರಾಣುವಿನ ಮಟ್ಟಿಗೆ ಅದು ನಿಜವಿರಬಹುದು. ಲಸಿಕೆಯ ಮಟ್ಟಿಗೆ ಖಂಡಿತ ನಿಜವಲ್ಲ.

ಬ್ರಿಟನ್ನಿನಲ್ಲಿ ಸಾರ್ವಜನಿಕರಿಗೆ ಲಸಿಕೆ ನೀಡಿಕೆ ಆರಂಭವಾದುದು 2020ರ ಡಿಸೆಂಬರ್ 8ರಂದು. ಬಡ ರಾಷ್ಟ್ರಗಳಿಗೂ ಲಸಿಕೆ ದೊರಕಿಸಲೆಂದು ರೂಪುಗೊಂಡ ‘ಕೋವ್ಯಾಕ್ಸ್’ ವ್ಯವಸ್ಥೆಯ ಮೊದಲ ಕಂತು ಆಫ್ರಿಕದ ಘಾನಾ ದೇಶವನ್ನು ತಲುಪಿದ್ದು 2021ರ ಫೆಬ್ರವರಿ 24ರಂದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾದ ಆ 6 ಲಕ್ಷ ಡೋಸುಗಳು ಸುಮಾರು 3 ಕೋಟಿ ಜನರಿರುವ ಆ ದೇಶದಲ್ಲಿ ನೂರಕ್ಕೆ ಒಬ್ಬರಿಗೆ ಎರಡು ಬಾರಿ ನೀಡಲಷ್ಟೇ ಸಾಕಾಗುವಂತಿದ್ದವು. ಲಸಿಕೆಗಳಿನ್ನೂ ಪರೀಕ್ಷೆಯ ಹಂತದಲ್ಲಿರುವಾಗಲೇ ಸಿರಿವಂತ ದೇಶಗಳು ಮುಂಗಡ ಒಪ್ಪಂದ ಮಾಡಿಕೊಂಡಿದ್ದವು. ಕೆನಡಾ ಅಂತೂ ತನ್ನ ಜನಸಂಖ್ಯೆಗೆ ಬೇಕಾದುದರ ಹಲವು ಪಟ್ಟು ಕಾದಿರಿಸಿಕೊಂಡಿತ್ತು.

ಅಷ್ಟರಲ್ಲಿ ಭಾರತದಲ್ಲಿ ಎರಡನೆಯ ಅಲೆ ಎದ್ದಿತು, ನಮ್ಮ ರಫ್ತು ನಿಂತಿತು. ಮನೆಯೇ ಹೊತ್ತಿ ಉರಿಯುವಾಗ ನೆರೆಯವರಿಗೆ ನೀರು ಕೊಡಲಿಲ್ಲವೆಂದು ಆಕ್ಷೇಪಿಸುವುದು ಕಠಿಣವಾದೀತು. ಆದರೂ ಪುಣೆಯ ಲಸಿಕೆಯನ್ನೇ ನೆಚ್ಚಿದ್ದ ದೇಶಗಳು ತಿಂಗಳುಗಟ್ಟಲೆ ಕಾಯಬೇಕಾಯಿತು. 2021ರ ಕೊನೆಗೆ ಸಿರಿವಂತ ದೇಶಗಳು ಮೂರನೆಯ ಡೋಸ್ ನೀಡುತ್ತಿದ್ದರೆ, ಅತಿ ಕಡಿಮೆ ಆದಾಯದ ದೇಶಗಳಲ್ಲಿ ಒಂದು ಡೋಸನ್ನಾದರೂ ಪಡೆದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ.

ಲಸಿಕೆ ತಡವಾದರೆ ದುಡಿಮೆಯೂ ಶಾಲೆಯೂ ತಡವಾಗುತ್ತವೆ. ಉಗಾಂಡದ ಶಾಲೆಗಳು 2020ರ ಮಾರ್ಚಿನಲ್ಲಿ ಮುಚ್ಚಿ, ಪೂರ್ಣವಾಗಿ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ಕೂಲಿಗೆ ಹೋದ ಮಕ್ಕಳು, ಗರ್ಭಿಣಿಯರಾದ ಹುಡುಗಿಯರು ಅನೇಕರು ಮರಳಿ ಬರಲಿಲ್ಲ. ಈ ನಷ್ಟ ಯಾವ ವರ್ಷದ ಆಯವ್ಯಯದಲ್ಲಿಯೂ ಕಾಣಿಸದು. ಅವರ ಜೀವಮಾನದ ಗಳಿಕೆಯಲ್ಲಿ ಕಾಣಿಸುತ್ತದೆ.

ಸಾಲದ ಸಂಗತಿಯೂ ಹೀಗೆಯೇ. ಅಮೆರಿಕದಂಥ ದೇಶ ತನ್ನದೇ ನಾಣ್ಯದಲ್ಲಿ, ಅಲ್ಪ ಬಡ್ಡಿಗೆ ಸಾಲವೆತ್ತಿ ಪ್ರಜೆಗಳ ಖಾತೆಗೆ ಹಣ ಹಾಕಿತು. ಜಾಂಬಿಯಾದ ಸಾಲವಾದರೋ ಬಹುಪಾಲು ವಿದೇಶಿ ನಾಣ್ಯದ್ದು. ಮೊದಲೇ ಬಾಗಿದ್ದ ಆ ದೇಶ 2020ರ ನವೆಂಬರಿನಲ್ಲಿ 4 ಕೋಟಿ 25 ಲಕ್ಷ ಡಾಲರ್ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು. 2021ರ ಆಗಸ್ಟಿನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ 65,000 ಕೋಟಿ ಡಾಲರ್ ಮೌಲ್ಯದ ನೆರವನ್ನು ಹಂಚಿತು. ಹಂಚಿಕೆ ನಿಧಿಯಲ್ಲಿ ಆಯಾ ದೇಶಕ್ಕಿರುವ ಪಾಲಿನಂತೆ ನಡೆದುದರಿಂದ ಇಡೀ ಆಫ್ರಿಕ ಖಂಡಕ್ಕೆ ದಕ್ಕಿದ್ದು ಸುಮಾರು 3,300 ಕೋಟಿ. ಹಸಿದವನ ಎಲೆಗಿಂತ ಉಂಡವನ ಎಲೆಗೇ ಹೆಚ್ಚು ಬಡಿಸಿದಂತಾಯಿತು.

ಲಸಿಕೆಯ ಪೇಟೆಂಟ್ ಮೊದಲಾದ ಹಕ್ಕುಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ಭಾರತ ಮತ್ತು ದಕ್ಷಿಣ ಆಫ್ರಿಕ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಕೇಳಿದ್ದು 2020ರ ಅಕ್ಟೋಬರಿನಲ್ಲಿ. ಸೀಮಿತವಾದ ಒಪ್ಪಿಗೆ ದೊರೆತದ್ದು 2022ರ ಜೂನಿನಲ್ಲಿ, ಅದೂ ಲಸಿಕೆಗೆ ಮಾತ್ರ. ಔಷಧಗಳನ್ನೂ ತಪಾಸಣಾ ಸಾಧನಗಳನ್ನೂ ಮುಂದಿನ ಚರ್ಚೆಗೆ ಬಿಡಲಾಯಿತು.