ಸಿಪ್ಯಾಪ್ ಕೈಕೊಟ್ಟಿತೇ? ಮೊದಲು ಪೈಪ್ ನೋಡಿ

ನಡುರಾತ್ರಿ ಗುಳುಗುಳು ಸದ್ದು. ಮಾಸ್ಕ್ ಹಾಕಿಕೊಂಡು ಮಲಗಿದವರ ಮೂಗಿಗೆ ತಣ್ಣನೆಯ ನೀರಿನ ಹನಿ. ಬೆಚ್ಚಿ ಎದ್ದವರು ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟು ಮತ್ತೆ ಮಲಗುತ್ತಾರೆ. ಬೆಳಿಗ್ಗೆ ಮನೆಯವರ ಮುಂದೆ ‘ಈ ಮಷಿನ್ ನನಗೆ ಒಗ್ಗೋದಿಲ್ಲ’ ಎನ್ನುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಸಿಪ್ಯಾಪ್ ಯಂತ್ರ ಹೀಗೆ ಬೀರುವಿನ ಮೇಲೆ ಸೇರಿಬಿಡುವುದುಂಟು. ಎಷ್ಟೋ ಸಲ ಯಂತ್ರದಲ್ಲಿ ದೋಷವೇ ಇರುವುದಿಲ್ಲ. ಯಂತ್ರಕ್ಕೂ ಮಾಸ್ಕ್‌ಗೂ ನಡುವೆ ಇರುವ ಆರಡಿ ಪೈಪಿನಲ್ಲಿ ತೊಂದರೆ ಇರುತ್ತದೆ.

ಈ ಯಂತ್ರ ಬೇಕಾಗುವುದು ಸ್ಲೀಪ್ ಆಪ್ನಿಯಾ ಇರುವವರಿಗೆ. ಅವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಉಸಿರು ನಿಲ್ಲುವುದು ಇಲ್ಲವೇ ತೀರಾ ಕ್ಷೀಣಿಸುವುದು ಗಂಟೆಗೆ 30 ಸಲ ದಾಟಿದರೆ ಕಾಯಿಲೆ ತೀವ್ರ ಹಂತದಲ್ಲಿದೆ ಎಂದರ್ಥ. ಜೋರು ಗೊರಕೆ, ಹಗಲಿಡೀ ತೂಕಡಿಕೆ, ಹತೋಟಿಗೆ ಬಾರದ ಬಿ.ಪಿ., ಗಾಡಿ ಓಡಿಸುವಾಗ ಕಣ್ಣು ಮುಚ್ಚುವ ಅಪಾಯ ಇವೆಲ್ಲ ಅದರ ಜತೆಗೇ ಬರುತ್ತವೆ.

ಒಂದು ಕಾಲಕ್ಕೆ ತೀವ್ರ ಆಪ್ನಿಯಾಕ್ಕೆ ಖಚಿತ ಚಿಕಿತ್ಸೆ ಎಂದರೆ ಕತ್ತಿನಲ್ಲಿ ರಂಧ್ರ ಕೊರೆದು ಉಸಿರಿಗೆ ದಾರಿ ಮಾಡುವುದಾಗಿತ್ತು. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಬೇರೆ ದಾರಿ ಹುಡುಕಿದರು. ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲು ಮುಚ್ಚಿಕೊಳ್ಳದಂತೆ ತಡೆದರು. ಅದೇ ಸಿಪ್ಯಾಪ್. ಐವರು ರೋಗಿಗಳಲ್ಲಿ ಕಂಡ ಫಲಿತಾಂಶ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಂತ್ರಗಳು ಈಗ ಅಂಗೈಯಗಲಕ್ಕೆ ಇಳಿದಿವೆ, ಸದ್ದೂ ಅಡಗಿದೆ. ಆದರೆ ತತ್ವ ಅಂದಿನದೇ. ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡ ಮೂಗನ್ನು ಮುಟ್ಟಬೇಕು. ಅದನ್ನು ಮುಟ್ಟಿಸುವ ಕೆಲಸ ಪೈಪಿನದು.

ಗುಳುಗುಳು ಸದ್ದಿನ ಕಾರಣ ಸರಳ. ಮೂಗು, ಬಾಯಿ ಒಣಗದಿರಲೆಂದು ಯಂತ್ರದ ಹ್ಯೂಮಿಡಿಫೈಯರ್ ನೀರನ್ನು ಬಿಸಿಮಾಡಿ ಗಾಳಿಗೆ ತೇವ ಸೇರಿಸುತ್ತದೆ. ಕೋಣೆಯಲ್ಲಿ ಎ.ಸಿ. ಹಾಕಿದ್ದರೆ ಪೈಪಿನ ಗೋಡೆ ತಣ್ಣಗಿರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ಹೊರಮೈ ಬೆವರುವಂತೆ ಪೈಪಿನ ಒಳಮೈ ಬೆವರುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಎ.ಸಿ. ಇಲ್ಲದೆಯೂ ಹೀಗಾಗಬಹುದು. ಮಾಡಬೇಕಾದದ್ದು ಇಷ್ಟು: ಹ್ಯೂಮಿಡಿಫೈಯರ್ ಮಟ್ಟವನ್ನು ಒಂದೊಂದೇ ಅಂಕಿ ಇಳಿಸಿ ನೋಡಬೇಕು, ಎ.ಸಿ. ತಂಪನ್ನು ತುಸು ಕಡಿಮೆ ಮಾಡಬೇಕು, ಪೈಪಿಗೆ ಬಟ್ಟೆಯ ಕವರ್ ತೊಡಿಸಬೇಕು ಅಥವಾ ಅದನ್ನು ಹೊದಿಕೆಯ ಕೆಳಗೆ ಹಾಯಿಸಬೇಕು. ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿಟ್ಟರೆ ನೀರು ಮುಖದ ಕಡೆ ಬರದೆ ಹಿಂದಕ್ಕೆ ಇಳಿಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಒಳಗೆ ತಂತಿ ಸುತ್ತಿದ, ತಾನೇ ಬೆಚ್ಚಗಾಗುವ ಹೀಟೆಡ್ ಟ್ಯೂಬ್ ಇದೆ. ಅದು ಆಯಾ ಯಂತ್ರಕ್ಕೆ ಹೊಂದುವ ಮಾದರಿಯದೇ ಆಗಿರಬೇಕು.

ಎರಡನೆಯ ತೊಂದರೆ ಸೋರಿಕೆ. ಪೈಪ್ ಮೊದಲು ಬಿರಿಯುವುದು ಸಾಮಾನ್ಯವಾಗಿ ನಡುವೆ ಅಲ್ಲ. ಸುರುಳಿ ಪ್ಲಾಸ್ಟಿಕ್ಕಿಗೂ ತುದಿಯ ರಬ್ಬರ್ ಕೊರಳಿಗೂ ಸೇರುವ ಜಾಗದಲ್ಲಿ. ರಾತ್ರಿಯಿಡೀ ಮಗ್ಗುಲು ಬದಲಿಸುವಾಗ ಬಾಗುವುದು, ಬೆಳಿಗ್ಗೆ ಎಳೆದು ಬಿಚ್ಚುವುದು ಎರಡೂ ಅಲ್ಲಿಯೇ. ನೆಟ್ಟಗೆ ಹಿಡಿದರೆ ಬಿರುಕು ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಕೊರಳಿನ ಬುಡವನ್ನು ಮೆಲ್ಲಗೆ ಬಾಗಿಸಿದರೆ ಕೂದಲೆಳೆಯಷ್ಟು ಸಣ್ಣ ಸೀಳು ಬಾಯಿ ತೆರೆಯುತ್ತದೆ. ಪರೀಕ್ಷೆಗೆ ಇನ್ನೊಂದು ದಾರಿಯೂ ಇದೆ. ಮಾಸ್ಕ್ ಬಿಚ್ಚಿ, ಯಂತ್ರ ಚಾಲೂ ಮಾಡಿ, ಪೈಪಿನ ತುದಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಕು. ಎಲ್ಲಾದರೂ ‘ಸ್ಸ್’ ಎಂದರೆ ತೂತಿದೆ ಎಂದೇ ಲೆಕ್ಕ. ಮಾಮೂಲಿ ಪೈಪಾದರೆ ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಬಹುದು. ಗುಳ್ಳೆ ಏಳುವ ಜಾಗವೇ ತೂತಿನ ಜಾಗ. ವಿದ್ಯುತ್ ತಂತಿ ಇರುವ ಹೀಟೆಡ್ ಟ್ಯೂಬಿಗೆ ಈ ಪ್ರಯೋಗ ಬೇಡ. ಟೇಪ್ ಸುತ್ತುವುದು ಹೊಸ ಪೈಪ್ ಬರುವವರೆಗಿನ ಉಪಾಯ ಮಾತ್ರ.

ಒಂದು ಮಾತನ್ನು ಒತ್ತಿ ಹೇಳಬೇಕು. ಮಾಸ್ಕಿನ ಮೇಲಿರುವ ಸಣ್ಣ ರಂಧ್ರಗಳಿಂದ ಗಾಳಿ ಹೊರಬರುವುದು ಸೋರಿಕೆಯಲ್ಲ. ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೊರಹೋಗಲೆಂದೇ ಅವನ್ನು ಇಟ್ಟಿದ್ದಾರೆ. ಸದ್ದಾಗುತ್ತದೆಂದು ಅವಕ್ಕೆ ಟೇಪ್ ಹಚ್ಚುವುದು ಜೀವಕ್ಕೇ ಅಪಾಯ.

ಹೊಸ ಪೈಪ್ ಕೊಳ್ಳುವಾಗ ಅಳತೆ ನೋಡಬೇಕು. ಮಾಮೂಲಿ ಪೈಪಿನ ಒಳವ್ಯಾಸ ಸುಮಾರು 19 ಮಿಲಿಮೀಟರ್, ತೆಳುವಾದ ಸ್ಲಿಮ್ ಮಾದರಿಯದು 15 ಮಿಲಿಮೀಟರ್. ಕಿರಿದಾದ ದಾರಿಯಲ್ಲಿ ಗಾಳಿಗೆ ತಡೆ ಹೆಚ್ಚು. ಅದಕ್ಕೇ ಅನೇಕ ಯಂತ್ರಗಳ ಮೆನುವಿನಲ್ಲಿ ‘ಟ್ಯೂಬ್’ ಎಂಬ ಆಯ್ಕೆ ಇರುತ್ತದೆ. ಪೈಪ್ ಬದಲಿಸಿ ಆ ಆಯ್ಕೆಯನ್ನು ಬದಲಿಸದಿದ್ದರೆ ಪರದೆಯಲ್ಲಿ ಕಾಣುವ ಒತ್ತಡವೇ ಬೇರೆ, ಮೂಗಿಗೆ ತಲುಪುವುದೇ ಬೇರೆ ಆಗಬಹುದು.

ತೊಳೆಯುವುದು ವಾರಕ್ಕೊಮ್ಮೆ ಸಾಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಪೈಪಿನೊಳಗೆ ಆಡಿಸಿ, ನೊರೆ ಹೋಗುವವರೆಗೆ ತೊಳೆದು, ನೆರಳಿನಲ್ಲಿ ಎರಡೂ ತುದಿ ಕೆಳಗಾಗುವಂತೆ ನೇತುಹಾಕಬೇಕು. ಬ್ಲೀಚ್, ಸ್ಪಿರಿಟ್, ಕುದಿಯುವ ನೀರು, ಬಿರುಬಿಸಿಲು ಇವೆಲ್ಲ ಪ್ಲಾಸ್ಟಿಕ್ಕಿಗೆ ಶತ್ರುಗಳು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪೈಪ್ ದಿನಗಟ್ಟಲೆ ಒಣಗದೆ ಮುಗ್ಗಲು ಹಿಡಿಯಬಹುದು. ಅಂಥ ಕಡೆ ಹ್ಯೂಮಿಡಿಫೈಯರಿನ ನೀರು ಚೆಲ್ಲಿ, ಮಾಮೂಲಿ ಪೈಪನ್ನು ಯಂತ್ರಕ್ಕೇ ಜೋಡಿಸಿ, ಸ್ವಲ್ಪ ಹೊತ್ತು ಗಾಳಿ ಹಾಯಿಸಿದರೆ ಬೇಗ ಒಣಗುತ್ತದೆ. ಹೀಟೆಡ್ ಟ್ಯೂಬನ್ನು ಮಾತ್ರ ಪೂರ್ತಿ ಒಣಗುವ ಮೊದಲು ಜೋಡಿಸಬಾರದು. ಹ್ಯೂಮಿಡಿಫೈಯರಿಗೆ ಬೋರ್‌ವೆಲ್ ನೀರು ಬೇಡ, ಬಿಳಿ ಹಕ್ಕಳೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ತೊಳೆಯುವ ತಾಪತ್ರಯವೇ ಇಲ್ಲವೆಂದು ಓಝೋನ್ ಯಂತ್ರಗಳನ್ನು ಮಾರುವವರಿದ್ದಾರೆ. ಪೈಪಿನಲ್ಲಿ ಉಳಿದ ಓಝೋನ್ ಕೆಮ್ಮು, ಉಸಿರಾಟದ ತೊಂದರೆ ತರಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ (ಎಫ್‌ಡಿಎ) 2020ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಮರುವರ್ಷ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಸಿಪ್ಯಾಪ್ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸದ್ದಡಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಸೇರಬಹುದೆಂಬುದು ಅದಕ್ಕೆ ಕಾರಣ. ಪೈಪಿನೊಳಗೆ ಕಪ್ಪು ಕಣಗಳು ಕಂಡರೆ ಒರೆಸಿ ಮರೆಯುವಂತಿಲ್ಲ. ವೈದ್ಯರಿಗೂ ಯಂತ್ರ ಕೊಟ್ಟವರಿಗೂ ಕೂಡಲೇ ತಿಳಿಸಬೇಕು.

ಅಮೆರಿಕದ ಮೆಡಿಕೇರ್ ವಿಮೆ 3 ತಿಂಗಳಿಗೊಂದು ಹೊಸ ಪೈಪಿಗೆ ಹಣ ಕೊಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಕೈಯಿಂದಲೇ ಖರ್ಚು ಮಾಡಬೇಕಾದ್ದರಿಂದ ಅಷ್ಟು ಬೇಗ ಬದಲಿಸುವುದು ಎಲ್ಲರಿಗೂ ಆಗದು. ಹಾಗಿದ್ದರೂ ಪೈಪ್ ಬಿರಿದಿದ್ದರೆ, ಗಡುಸಾಗಿದ್ದರೆ, ಕೊರಳು ಸಡಿಲವಾಗಿದ್ದರೆ, ತೊಳೆದರೂ ವಾಸನೆ ಹೋಗದಿದ್ದರೆ ಇನ್ನಷ್ಟು ದಿನ ತಳ್ಳಬಾರದು.

ಮನೆಯಲ್ಲಿ ಯಾರಾದರೂ ಸಿಪ್ಯಾಪ್ ಬೇಡವೆಂದು ಎತ್ತಿಟ್ಟಿದ್ದರೆ ಈ ಭಾನುವಾರ ಅದನ್ನು ಕೆಳಗಿಳಿಸಿ. ಪೈಪನ್ನು ಬೆಳಕಿಗೆ ಹಿಡಿದು ನೋಡಿ, ತೊಳೆಯಿರಿ, ಹಳತಾಗಿದ್ದರೆ ಬದಲಿಸಿ. ಆಮೇಲೂ ನಿದ್ದೆ ಹತ್ತದಿದ್ದರೆ ಚಿಕಿತ್ಸೆ ಬಿಡಬೇಡಿ. ಯಂತ್ರದ ಜತೆಗೆ ಪೈಪ್, ಮಾಸ್ಕ್ ಎರಡನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ.